ತಲೆಯ ಮೇಲಿನ ಬಳೆ

ಆ ತಾಯಿಗೆ ಪ್ರಾರ್ಥನೆ ಎಂದರೆ ಭಾರ ಎತ್ತುವ ಕೆಲಸ. ಮೆಲ್ಲಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಮುಗಿಸುವವರ ಪೈಕಿ ಅವಳಲ್ಲ. ಊಟದ ತಟ್ಟೆ ಮುಂದೆ ಬಂತೆಂದರೆ ಕಣ್ಣನ್ನು ಬಿಗಿಯಾಗಿ ಮುಚ್ಚುತ್ತಿದ್ದಳು. ಹುಬ್ಬುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತಿದ್ದವು, ಕೆನ್ನೆ ಮೇಲೇರುತ್ತಿತ್ತು, ತುಟಿಗಳು ಒಳಕ್ಕೆ ಹೋಗಿ ಬಾಯಿ ಒಂದು ಗೆರೆಯಷ್ಟೇ ಉಳಿಯುತ್ತಿತ್ತು. ತುಂಬಿದ ಕೊಡವನ್ನು ನೆಲದಿಂದ ಎತ್ತುವವರ ಮುಖ ಅದು. ಯಾರ್ಯಾರಿಗಾಗಿ ಬೇಡಿಕೊಳ್ಳಬೇಕೋ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಎತ್ತಿ ದೇವರ ಮುಂದೆ ಇಳಿಸಬೇಕು. ಕೊನೆಯವರನ್ನು ಇಳಿಸಿದ ಮೇಲೆಯೇ ಮೊದಲ ತುತ್ತು. ಮಕ್ಕಳು ಚಿಕ್ಕವರಿದ್ದಾಗ ಹಸಿವು ತಾಳಲಾರದೆ ಕಾಯುತ್ತಿದ್ದರು. "ಅಮ್ಮ ದೇವರ ಹತ್ರ ಕೇಳ್ಕೊಳ್ತಿಲ್ಲ ಕಣೇ, ದೇವರ ಕೈ ತಿರುಚ್ತಿದ್ದಾಳೆ" ಎಂದು ಅಣ್ಣ ತಂಗಿಯ ಕಿವಿಯಲ್ಲಿ ಹೇಳಿ, ಇಬ್ಬರೂ ನಗು ತಡೆಯಲಾಗದೆ ಏಟು ತಿನ್ನುತ್ತಿದ್ದರು.

ಈಗ ಅವಳ ಬಲಭಾಗ ಬಿದ್ದುಹೋಗಿತ್ತು. ಒಂದು ಬೆಳಗ್ಗೆ ಬಟ್ಟೆ ಹಿಂಡುತ್ತಿದ್ದವಳು ಹಾಗೆಯೇ ಕುಸಿದಿದ್ದಳು. ಮಾತು ಹೋಗಿತ್ತು. ಮುಖದ ಬಲ ಅರ್ಧ ಇಳಿಬಿದ್ದು, ಬಾಡಿಗೆಗೆ ಕೊಟ್ಟು ಮರೆತ ಮನೆಯ ಹಾಗೆ ಯಾವ ಸುದ್ದಿಗೂ ಸ್ಪಂದಿಸುತ್ತಿರಲಿಲ್ಲ.

ಅವಳನ್ನು ಮಲಗಿಸಿದ್ದ ವಾರ್ಡು ಹೊಸ ಬಗೆಯದು. ಪ್ರತಿ ಹಾಸಿಗೆಯ ಮೇಲೆ, ಚಾವಣಿಯಲ್ಲಿ ಒಂದು ಕ್ಯಾಮೆರಾ. ಅದು ಹಗಲಿರುಳು ರೋಗಿಯ ಮುಖವನ್ನೂ ಹಾಸಿಗೆಯ ಹತ್ತಿರ ಬಂದವರ ಮುಖವನ್ನೂ ನೋಡುತ್ತಿರುತ್ತದೆ. ಹುಬ್ಬು ಎಷ್ಟು ಗಂಟಿಕ್ಕಿತು, ಕಣ್ಣು ಎಷ್ಟು ಬಿಗಿಯಿತು, ತುಟಿ ಎಷ್ಟು ಸೆಳೆಯಿತು ಎಂದು ಅಳೆದು, ಮಾತು ಬಾರದವರ ನೋವನ್ನು ತಾನೇ ಲೆಕ್ಕ ಹಾಕುತ್ತದೆ. ನರ್ಸ್‌ಗಳು ಒಂದು ಕನ್ನಡಕ ಹಾಕಿಕೊಂಡು ಓಡಾಡುತ್ತಾರೆ. ಅದರೊಳಗಿಂದ ನೋಡಿದರೆ ಹಾಸಿಗೆ, ಕಿಟಕಿ, ನೀರಿನ ಲೋಟ ಎಲ್ಲವೂ ಇದ್ದ ಹಾಗೆಯೇ ಕಾಣುತ್ತವೆ. ಜೊತೆಗೆ ಪ್ರತಿಯೊಬ್ಬರ ಹಣೆಗೆ ಅಡ್ಡಲಾಗಿ ಗಾಳಿಯಲ್ಲಿ ಒಂದು ಬಣ್ಣದ ಉಂಗುರ ತೇಲುತ್ತದೆ. ಹಸಿರಿದ್ದರೆ ನೆಮ್ಮದಿ, ಹಳದಿ ಇದ್ದರೆ ಗಮನವಿಡಿ, ಕೆಂಪಿದ್ದರೆ ನೋವು. ಅದಕ್ಕೆ ಏನೋ ಉದ್ದದ ಹೆಸರಿತ್ತು. ವಾರ್ಡಿನವರು 'ಬಳೆ' ಎನ್ನುತ್ತಿದ್ದರು. "ಕಿಟಕಿ ಹತ್ರದವರ ಬಳೆ ಹಳದಿ, ಒಂದ್ಸಲ ನೋಡಿ" ಎಂದು ಆ ತುದಿಯಿಂದ ಈ ತುದಿಗೆ ಕೂಗುತ್ತಿದ್ದರು.

ತಾಯಿಯ ಬಳೆ ದಿನವೂ ಕೆಂಪಾಗುತ್ತಿತ್ತು. ಬಹುಮಟ್ಟಿಗೆ ಊಟದ ಹೊತ್ತಿಗೇ. ಹಾಸಿಗೆಯ ತಲೆ ಎತ್ತರಿಸಿ ಕೂರಿಸುವಾಗ ಸೊಂಟಕ್ಕೋ ಭುಜಕ್ಕೋ ನೋವಾಗುತ್ತಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಕೆಂಪು ಹಾಗೆಯೇ ಉಳಿದರೆ ನೋವಿನ ಇಂಜೆಕ್ಷನ್ ಕೊಡುವುದು ವಾರ್ಡಿನ ನಿಯಮ. ಅದನ್ನು ಕೊಟ್ಟರೆ ಅವಳಿಗೆ ಮಂಪರು. ಮಂಪರಿನಲ್ಲಿ ಬಾಯಿಗಿಟ್ಟ ತುತ್ತು ಬಾಯಲ್ಲೇ ಉಳಿಯುತ್ತಿತ್ತು. ನುಂಗಿದರೆ ಕೆಮ್ಮು, ಶ್ವಾಸನಾಳಕ್ಕೆ ಹೋಗುವ ಭಯ. ಮೂಗಿನ ನಳಿಕೆಯಲ್ಲಿ ಇಳಿಯುವ ದ್ರವದ ಮೇಲೆ ಅವಳು ದಿನ ದೂಡುತ್ತಿದ್ದಳು. ಆ ಬೆಳಗ್ಗೆ ಡಾಕ್ಟರು, ನೆರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸು, ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು:

"ಇವತ್ತು ಮಧ್ಯಾಹ್ನ ಒಂದು ಸಲ ನೋಡೋಣ. ಇವತ್ತೂ ನುಂಗಲಿಲ್ಲ ಅಂದ್ರೆ ನಾಳೆ ಹೊಟ್ಟೆಗೇ ತೂತು ಮಾಡಿ ನಳಿಕೆ ಹಾಕ್ಬೇಕು. ಆಮೇಲೆ ಬಾಯಿಂದ ತಿನ್ನೋದು ಬಹುಶಃ ಮುಗೀತು."

ಮಗಳು ತಲೆಯಾಡಿಸಿದಳು. ಅವಳು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಡುವವಳು. ಅಲ್ಲಿಗೂ ಕ್ಯಾಮೆರಾ ಬಂದಿತ್ತು. ಮಕ್ಕಳು ಕನ್ನಡಿಯ ಮುಂದೆ ನಿಂತರೆ ಸಾಕು, ಭುಜ ತೋಳು ಸೊಂಟದ ಅಳತೆ ತಾನೇ ಬರುತ್ತಿತ್ತು. ಇನ್ನೂ ಹೊಲಿಯದ ಅಂಗಿ ಕನ್ನಡಿಯೊಳಗಿನ ಮಗುವಿನ ಮೈಮೇಲೆ ಕಾಣುತ್ತಿತ್ತು. ಮೊದಮೊದಲು ಅನುಮಾನಪಟ್ಟು ಟೇಪು ಹಿಡಿದು ತಾಳೆ ನೋಡಿದವಳು, ತಾನೇ ತಪ್ಪು ಅಳೆದಿದ್ದೇನೆಂದು ಹಲವು ಸಲ ಗೊತ್ತಾದ ಮೇಲೆ ಟೇಪನ್ನು ಕುತ್ತಿಗೆಯಿಂದ ತೆಗೆದು ಮೊಳೆಗೆ ನೇತುಹಾಕಿಬಿಟ್ಟಿದ್ದಳು. ಹಾಗಾಗಿ ಆಸ್ಪತ್ರೆಯವರು, "ಮನೆಗೆ ಹೋದ ಮೇಲೆ ನೀವೇ ನೋಡ್ಕೋಬೇಕಲ್ಲ, ಅಭ್ಯಾಸ ಮಾಡ್ಕೊಳ್ಳಿ" ಎಂದು ಅವಳಿಗೂ ಒಂದು ಕನ್ನಡಕ ಕೊಟ್ಟಾಗ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಿದ್ದಳು. ಅಮ್ಮನ ನೋವು ಕಾಣುತ್ತದಲ್ಲ, ಇದಕ್ಕಿಂತ ದೊಡ್ಡ ವರ ಏನಿದೆ? ಬಳೆ ಕೆಂಪಾದ ಕೂಡಲೇ, "ಸಿಸ್ಟರ್, ಅಮ್ಮನಿಗೆ ನೋವು, ಬೇಗ ಬನ್ನಿ" ಎಂದು ಕೂಗುತ್ತಿದ್ದವಳು ಅವಳೇ.

ಅವಳ ಅಣ್ಣ ಬೀಗ ರಿಪೇರಿಯವನು. ದಿನವೆಲ್ಲ ಅಂಗಡಿ ನೋಡಿಕೊಂಡು ಸಂಜೆ ಬರುತ್ತಿದ್ದ. ಅಷ್ಟು ಹೊತ್ತಿಗೆ ಅಮ್ಮ ಮಂಪರಿನಲ್ಲಿ ಇರುತ್ತಿದ್ದಳು. ಡಾಕ್ಟರ ಮಾತು ಕೇಳಿ ತಂಗಿ ಫೋನ್ ಮಾಡಿದ್ದರಿಂದ ಆ ದಿನ ಮಧ್ಯಾಹ್ನವೇ ಬಂದ. ಉಪಕರಣಗಳ ಚೀಲ ಹೆಗಲಲ್ಲಿ, ಮೆಟ್ಟಿಲು ಹತ್ತಿ ಬಂದ ಏದುಸಿರು, ಹಣೆ ಒದ್ದೆ.

"ಲಿಫ್ಟ್ ಇರ್ಲಿಲ್ವೇನೋ?"

"ಇದೆ. ಮುಖ ತೋರ್ಸು ಅಂತು. ನಾನು ತೋರಿಸಲ್ಲ ಅಂದೆ." ಚೀಲ ಕೆಳಗಿಟ್ಟು ಎದೆಯನ್ನು ಅಂಗೈಯಿಂದ ಒಮ್ಮೆ ತಿಕ್ಕಿಕೊಂಡ. "ಏನೇ ದಬ್ಬಣ, ಕನ್ನಡಕ ಹಾಕ್ಕೊಂಡು ದೊಡ್ಡ ವಿಜ್ಞಾನಿ ಆಗ್ಬಿಟ್ಟಿದ್ದೀಯ?"

ತಂಗಿಯನ್ನು ಅವನು ದಬ್ಬಣ ಎಂದೇ ಕರೆಯುವುದು. ಕ್ಯಾಮೆರಾಗಳ ಮೇಲೆ ಅವನಿಗೆ ಸಿಟ್ಟಿತ್ತು. ಮುಖ ನೋಡಿ ತೆರೆಯುವ ಬಾಗಿಲುಗಳು ಬಂದ ಮೇಲೆ ಅಂಗಡಿಗೆ ಬರುವವರೇ ಕಡಿಮೆಯಾಗಿದ್ದರು. ಆದರೆ ಸಿಟ್ಟನ್ನೂ ಅವನು ನಗೆ ಮಾಡಿಕೊಂಡೇ ಹೊರಹಾಕುತ್ತಿದ್ದ.

"ನಿನ್ನೆ ಏನಾಯ್ತು ಗೊತ್ತಾ ಸಿಸ್ಟರ್," ಎಂದು ಪಕ್ಕದಲ್ಲಿ ನಿಂತಿದ್ದ ಹಿರಿಯ ನರ್ಸ್ ಕಡೆ ತಿರುಗಿದ. "ಒಬ್ಬ ಮನುಷ್ಯಂಗೆ ಹಲ್ಲುನೋವು ಬಂದು ಕೆನ್ನೆ ಊದಿತ್ತು. ಅವನ ಮನೆ ಬಾಗಿಲು ಅವನನ್ನ ಒಳಗೇ ಬಿಡ್ಲಿಲ್ಲ! 'ನೀನ್ಯಾರು, ನಂಗೊತ್ತಿಲ್ಲ' ಅಂತು. ಪಾಪ, ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡ್ದ. ನಾನು ಹೋಗಿ ಹಳೇ ಕಾಲದ ಹಾಗೆ ತಂತಿ ಹಾಕಿ ತೆಗೆದೆ. ಹೆಂಡತಿ ಒಳಗಿಂದ ಬಂದು, 'ಬಾಗಿಲಿಗೇ ಬೇಡವಾದವನು ನನಗೂ ಬೇಡ' ಅಂದ್ಲು."

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದ ಹಾಸಿಗೆಯ ನಿವೃತ್ತ ಬಸ್ ಡ್ರೈವರ್ ಕೂಡ ಹೊದಿಕೆಯೊಳಗೇ ಕುಲುಕಿ ನಕ್ಕ.

ಊಟದ ಗಾಡಿ ಬಂತು. ತಾಯಿಯದು ಬೇಯಿಸಿ ನುಣ್ಣಗೆ ಅರೆದ ಊಟ, ಒಂದು ಬಟ್ಟಲಿನಲ್ಲಿ. ನರ್ಸ್ ಹಾಸಿಗೆಯ ತಲೆ ಎತ್ತರಿಸಿದಳು. ತಾಯಿ ಕಣ್ಣು ಬಿಟ್ಟು ಬಟ್ಟಲು ನೋಡಿದಳು. ಮಗನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು.

ಕನ್ನಡಕದೊಳಗೆ ಬಳೆ ಹಳದಿಯಾಯಿತು, ಕೆಂಪಾಯಿತು.

"ಸಿಸ್ಟರ್, ನೋವು! ಮತ್ತೆ ಶುರುವಾಯ್ತು!" ಮಗಳು ಕೂಗಿದಳು. ನರ್ಸ್ ಆಗಲೇ ಸಿರಿಂಜಿಗೆ ಕೈ ಹಾಕಿದ್ದಳು.

ಅಣ್ಣನಿಗೆ ಕನ್ನಡಕ ಇರಲಿಲ್ಲ. ಅವನಿಗೆ ಕಂಡದ್ದು ಅಮ್ಮನ ಮುಖ ಮಾತ್ರ. ಅವನು ಬಗ್ಗಿ ನೋಡಿ, ಜೋರಾಗಿ ನಕ್ಕುಬಿಟ್ಟ.

"ಅಯ್ಯೋ ದಬ್ಬಣ! ನೋವಲ್ಲ ಕಣೇ! ಪ್ರಾರ್ಥನೆ! ದೇವರ ಕೈ ತಿರುಚ್ತಿದ್ದಾಳೆ!"

ಮಗಳು ಕನ್ನಡಕ ಕಿತ್ತು ತೆಗೆದಳು. ಹಣೆಗೆ ಅಡ್ಡ ನಿಂತಿದ್ದ ಕೆಂಪು ಹೋಯಿತು, ಹಣೆ ಕಂಡಿತು. ಅರ್ಧ ಮುಖ ಸತ್ತಿದ್ದರಿಂದ ಒಂದೇ ಹುಬ್ಬು ಗಂಟಿಕ್ಕಿತ್ತು, ಒಂದೇ ಕೆನ್ನೆ ಮೇಲೇರಿತ್ತು, ತುಟಿಯ ಎಡ ಅರ್ಧ ಮಾತ್ರ ಒಳಗೆ ಹೋಗಿತ್ತು. ಅರ್ಧ ಮುಖದ ಪ್ರಾರ್ಥನೆ. ಅರ್ಧವಾದರೂ ಅದೇ. ಬುದ್ಧಿ ಬಂದಾಗಿನಿಂದ ದಿನಕ್ಕೆ ಮೂರು ಹೊತ್ತು, ಹಸಿದ ಹೊಟ್ಟೆಯಲ್ಲಿ ಎದುರು ಕುಳಿತು ಕಾದು ನೋಡಿದ ಮುಖ.

ಮಗಳು ಹಾಸಿಗೆಯ ಕಂಬಿ ಹಿಡಿದುಕೊಂಡಳು.

"ದಿನಾ ಊಟಕ್ಕೆ ಮುಂಚೆ..." ಅಂದಳು. ದಿನಾ ಊಟಕ್ಕೆ ಮುಂಚೆ ಅಮ್ಮ ಪ್ರಾರ್ಥಿಸಿದ್ದಳು. ಪ್ರಾರ್ಥಿಸಿದ್ದಕ್ಕೆ ಸೂಜಿ ಚುಚ್ಚಿದ್ದರು. ಚುಚ್ಚಿಸಿದವಳು ತಾನು. ಮಂಪರಿನಲ್ಲಿ ತುತ್ತು ಬಾಯಲ್ಲೇ ಉಳಿದು, ನಾಳೆ ಹೊಟ್ಟೆಗೆ ತೂತು. ಅಮ್ಮ ಬಹುಶಃ ಇವಳಿಗಾಗಿಯೇ ಬೇಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಇವಳು ಸಿಸ್ಟರ್ ಎಂದು ಕೂಗಿದ್ದಳು.

ನರ್ಸ್‌ನ ಕೈಯಲ್ಲಿ ಸಿರಿಂಜು ಹಾಗೆಯೇ ನಿಂತಿತ್ತು. "ಡಾಕ್ಟರನ್ನ ಕರೀತೀನಿ" ಎಂದು ಓಡಿದಳು.

ಡಾಕ್ಟರು ಬಂದರು, ಕೇಳಿದರು, ವಾದಿಸಲಿಲ್ಲ. ಕನ್ನಡಕ ಹಾಕಿಕೊಂಡು, "ಆ ಮುಖ ನೀವು ಮಾಡಿ ತೋರಿಸ್ತೀರಾ?" ಎಂದು ಮಗನನ್ನು ಕೇಳಿದರು.

ಕೇಳಬೇಕೇ? ಮಗ ಸ್ಟೂಲಿನ ಮೇಲೆ ಕುಳಿತು, ಚಿಕ್ಕಂದಿನಿಂದ ಅಭ್ಯಾಸವಾದ ಅಣಕವನ್ನು ಮಾಡಿದ. ಕಣ್ಣು ಬಿಗಿ, ಹುಬ್ಬು ಗಂಟು, ಬಾಯಿ ಗೆರೆ.

"ಕೆಂಪು," ಎಂದರು ಡಾಕ್ಟರು ನಿಧಾನಕ್ಕೆ. "ಅಪ್ಪಟ ಕೆಂಪು."

ನರ್ಸ್ ತಾನೂ ಮಾಡಿದಳು. ಕೆಂಪು. ಪಕ್ಕದ ಹಾಸಿಗೆಯ ಡ್ರೈವರ್, "ನನ್ನದು ನೋಡಿ, ನನ್ನದು ನೋಡಿ" ಎಂದು ಮುಖ ಹಿಂಡಿದ; ಅವನದೂ ಕೆಂಪು. ವಾರ್ಡಿಗೆ ವಾರ್ಡೇ ಮುಖ ಹಿಂಡತೊಡಗಿತು. ನಗಬಾರದ ಜಾಗದಲ್ಲಿ ಬರುವ ನಗು ಎಲ್ಲರನ್ನೂ ಹಿಡಿದುಕೊಂಡಿತು. ಡಾಕ್ಟರು ಮಾತ್ರ ನಗಲಿಲ್ಲ. ಕ್ಯಾಮೆರಾ ನೋಡಿಕೊಳ್ಳುವವರಿಗೆ ಫೋನ್ ಮಾಡಿ, "ಇದನ್ನ ನಂಬ್ಕೊಂಡು ಇನ್ನು ಒಂದು ಸೂಜಿಯೂ ಕೊಡಲ್ಲ" ಎಂದು ಬಿಗಿಯಾಗಿ ಹೇಳುತ್ತ ಬಾಗಿಲ ಕಡೆ ನಡೆದರು.

ಮಗಳು ಮತ್ತೆ ಕನ್ನಡಕ ಹಾಕಿಕೊಂಡಳು. ಆ ಮೋಸಗಾರ ವಸ್ತುವನ್ನು ಇನ್ನೊಮ್ಮೆ ನೋಡಬೇಕೆನಿಸಿತ್ತು. ನರ್ಸ್ ಈಗ ಹಸಿರು. ಡ್ರೈವರ್ ನಕ್ಕು ಸುಸ್ತಾಗಿ ಹಸಿರು. ಅಮ್ಮ ಇನ್ನೂ ಕೆಂಪು. ಇರಲಿ, ಪಟ್ಟಿಯಲ್ಲಿ ಇನ್ನೂ ಯಾರೋ ಉಳಿದಿದ್ದಾರೆ. ಅಣ್ಣನೂ ಕೆಂಪು.

"ಸಾಕು ನಿಲ್ಸೋ, ಅಣ್ಣ."

"ನಿಲ್ಸಿ ಆಗ್ಲೇ ಎಷ್ಟೊತ್ತಾಯ್ತು?"

ಹೌದು, ಅವನು ಮುಖ ಹಿಂಡಿರಲಿಲ್ಲ. ಹಲ್ಲು ಬಿಟ್ಟು ನಗುತ್ತ ಕುಳಿತಿದ್ದ. ಅವಳು ಕನ್ನಡಕ ತೆಗೆದು ತೋಳಿನ ಅಂಚಿನಲ್ಲಿ ಒರೆಸಿ ಹಾಕಿಕೊಂಡಳು. ನಗುವ ಅಣ್ಣನ ಹಣೆಗೆ ಅಡ್ಡಲಾಗಿ ಕೆಂಪು ಬಳೆ ಅಲುಗದೆ ನಿಂತಿತ್ತು.

"ನಿನ್ನ ಮೇಲೂ ಕೆಂಪು ತೋರಿಸ್ತಿದೆ."

"ನಾನು ನಗ್ತಿದ್ದೀನಿ, ಅದು ಅಳ್ತಿದ್ದೀನಿ ಅಂತಿದೆ. ನೋಡ್ದಾ, ಬಾಗಿಲುಗಳ ಬುದ್ಧಿಯೇ ಇದಕ್ಕೂ!" ಎಂದ. "ನಮ್ಮನೆ ಮುಖಗಳೇ ಅದಕ್ಕೆ ಅರ್ಥ ಆಗಲ್ಲ ಬಿಡು."

ನರ್ಸ್ ನಕ್ಕಳು. ಮಗಳೂ ನಕ್ಕಳು. ಅದು ಸುಳ್ಳು ಹೇಳುತ್ತದೆಂದು ಈಗಷ್ಟೇ ವಾರ್ಡೆಲ್ಲ ಕೂಡಿ ತೋರಿಸಿತ್ತಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅದೇ ಕೆಂಪನ್ನು ಕಂಡು ಕೂಗಿ ವಾರ್ಡು ಎಬ್ಬಿಸಿದವಳು ಈಗ ಅದೇ ಕೆಂಪನ್ನು ಕಂಡು ಕನ್ನಡಕವನ್ನು ಮಡಚಿ ಮೇಜಿನ ಮೇಲಿಟ್ಟಳು. ನಂಬಿಕೆ ಮುರಿದ ಜಾಗದಲ್ಲಿ ಮನುಷ್ಯನಿಗೆ ಕಣ್ಣು ತೆರೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲಿ ತೆರೆಯುವುದು ಬಾಯಿ ಮಾತ್ರ.

ತಾಯಿಯ ಹುಬ್ಬು ಸಡಿಲವಾಯಿತು. ಅವಳು ಕಣ್ಣು ಬಿಟ್ಟಳು. ಮಂಪರಿಲ್ಲದ, ತಿಳಿಯಾದ ಕಣ್ಣು. ಬಾಯಿ ತೆರೆದಳು.

ಮಗಳು ಚಮಚದ ತುದಿಯಲ್ಲಿ ಒಂದಿಷ್ಟೇ ತೆಗೆದು ನಾಲಿಗೆಯ ಎಡಕ್ಕೆ ಇಟ್ಟಳು. ನರ್ಸ್ ಗಂಟಲ ಮೇಲೆ ಎರಡು ಬೆರಳಿಟ್ಟು ಕಾದಳು. ಗಂಟಲು ಮೇಲೇರಿತು, ಇಳಿಯಿತು. ಕೆಮ್ಮು ಬರಲಿಲ್ಲ.

"ನುಂಗಿದ್ರು!" ನರ್ಸ್ ಪಿಸುಗುಟ್ಟಿದಳು. ಇನ್ನೊಂದು ಚಮಚ. ಅದೂ ಇಳಿಯಿತು. ಮಗಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಅಣ್ಣ, ನೋಡೋ, ತಿಂತಿದ್ದಾಳೆ..."

ಮೂರನೆಯ ಚಮಚಕ್ಕೆ ತಾಯಿ ಬಾಯಿ ತೆರೆಯಲಿಲ್ಲ.

ಅವಳು ಮಗನನ್ನು ನೋಡುತ್ತಿದ್ದಳು. ಎಡಗೈ ಹೊದಿಕೆಯ ಮೇಲೆ ತೆವಳುತ್ತ ಹೋಗಿ ಅವನ ಮಣಿಕಟ್ಟನ್ನು ಹಿಡಿಯಿತು.

"ಏನಮ್ಮ, ನನಗೂ ಒಂದು ತುತ್ತು ಬೇಕಾ ಅಂತಿದ್ದೀಯಾ?"

ತಾಯಿ ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿತು. ಬಾಯಿ ಗೆರೆಯಾಯಿತು.

ಮಗಳ ಕೈಯಲ್ಲಿ ಚಮಚ ನಿಂತಿತು. ಒಂದು ತಟ್ಟೆಗೆ ಒಂದೇ ಪ್ರಾರ್ಥನೆ. ಊಟದ ನಡುವೆ ಅಮ್ಮ ಮತ್ತೊಮ್ಮೆ ಕಣ್ಣು ಮುಚ್ಚಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮನೆಯಲ್ಲಿ ಸಾವಾದ ದಿನವೂ ಇಲ್ಲ, ಅಪ್ಪ ಕೆಲಸ ಕಳೆದುಕೊಂಡು ಬಂದ ದಿನವೂ ಇಲ್ಲ.

ಅವಳು ಅಣ್ಣನ ಕಡೆ ತಿರುಗಿದಳು. ಕನ್ನಡಕವಿಲ್ಲದೆ, ಬಳೆಯಿಲ್ಲದೆ, ಬರಿಗಣ್ಣಿನಲ್ಲಿ ನೋಡಿದಳು.

ನಗು ಇತ್ತು. ಗೋಡೆಗೆ ಹೊಡೆದ ಮೊಳೆಯಲ್ಲಿ ಅಂಗಿ ತೂಗುಹಾಕಿದಂತೆ, ಅವನು ಅಲ್ಲಿ ಇಲ್ಲದಿದ್ದರೂ ನಗು ಅಲ್ಲೇ ತೂಗುತ್ತಿತ್ತು. ಅದರ ಕೆಳಗೆ ತುಟಿ ಬೂದು ಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲು ಹತ್ತಿ ಅಷ್ಟು ಹೊತ್ತಾಗಿದ್ದರೂ ಹಣೆಯ ಬೆವರು ಆರಿರಲಿಲ್ಲ, ಇನ್ನೂ ಹೊಸದಾಗಿ ಸುರಿಯುತ್ತಿತ್ತು. ಅಮ್ಮ ಹಿಡಿಯದ ಕೈ ದವಡೆಯ ಕೆಳಭಾಗವನ್ನು ಒತ್ತಿ ಹಿಡಿದಿತ್ತು.

"ಅಣ್ಣ?"

"ಗ್ಯಾಸ್ಟ್ರಿಕ್ ಕಣೇ. ಬೆಳಗ್ಗಿಂದ ಸ್ವಲ್ಪ..." ಎಂದ. ನಗು ಹಾಗೆಯೇ ಇತ್ತು.

"ಡಾಕ್ಟ್ರೇ!"

ಬಾಗಿಲ ಬಳಿ ಫೋನಿನಲ್ಲಿದ್ದ ಡಾಕ್ಟರು ತಿರುಗಿ ನೋಡಿದರು. ಫೋನನ್ನು ಆರಿಸಲೂ ಇಲ್ಲ, ಜೇಬಿಗೆ ತುರುಕಿ ಓಡಿಬಂದರು. ನಾಡಿ ಹಿಡಿದರು, ಕಣ್ಣು ನೋಡಿದರು. "ಎಡಗೈ ನೋಯ್ತಿದೆಯಾ? ಯಾವಾಗಿಂದ? ಸ್ಟ್ರೆಚರ್ ತನ್ನಿ! ಹೃದಯದ ವಿಭಾಗಕ್ಕೆ ಹೇಳಿ, ಬರ್ತಿದ್ದೀವಿ ಅಂತ!"

"ಡಾಕ್ಟ್ರೇ, ನಾನು ಬಂದಿದ್ದು ಅಮ್ಮನ್ನ ನೋಡೋಕೆ..." ಎನ್ನುತ್ತಲೇ ಅವನು ಸ್ಟೂಲಿನಿಂದ ಪಕ್ಕಕ್ಕೆ ವಾಲಿದ. ನರ್ಸ್ ಹೆಗಲು ಕೊಟ್ಟಳು.

ಸ್ಟ್ರೆಚರ್ ಬಂತು. ಆದರೆ ತಾಯಿಯ ಕೈ ಮಣಿಕಟ್ಟನ್ನು ಬಿಡುತ್ತಿರಲಿಲ್ಲ. ಕಣ್ಣೂ ಬಿಡುತ್ತಿರಲಿಲ್ಲ. ಅಷ್ಟು ದಿನ ನೀರಿನ ಲೋಟ ಹಿಡಿಯಲಾರದ ಕೈ. ಮಗಳು ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಅವನು ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದ.

"ಎಂಥೆಂಥ ಬೀಗ ತೆಗ್ದಿದ್ದೀನಿ," ಎಂದ, ಉಸಿರಿನ ನಡುನಡುವೆ. "ಈ ಬೀಗ ಮಾತ್ರ..."

ಮಾತು ಮುಗಿಯುವ ಮೊದಲೇ ಸ್ಟ್ರೆಚರ್ ಬಾಗಿಲು ದಾಟಿತು. ಉಪಕರಣಗಳ ಚೀಲ ಹಾಸಿಗೆಯ ಕೆಳಗೆ ಉಳಿಯಿತು.

ಈಗಷ್ಟೇ ಮುಖ ಹಿಂಡಿ ಆಟವಾಡಿದ್ದ ಡ್ರೈವರ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಮೇಜಿನ ಮೇಲೆ ಕನ್ನಡಕ ಮಡಚಿಕೊಂಡು ಬಿದ್ದಿತ್ತು. ಮಗಳು ಅದನ್ನು ನೋಡಿದಳು. ಅಮ್ಮನ ವಿಷಯದಲ್ಲಿ ಸುಳ್ಳು ಹೇಳಿದ್ದು ಅಣ್ಣನ ವಿಷಯದಲ್ಲಿ ನಿಜ ಹೇಳಿತ್ತು. ಸುಳ್ಳು ಹೇಳಿದಾಗ ಇವಳು ನಂಬಿದಳು, ನಿಜ ಹೇಳಿದಾಗ ಒರೆಸಿ ಮಡಚಿಟ್ಟಳು. ಎರಡೂ ಸಲ ಅವಳ ಮುಂದೆ ಮುಖ ಇತ್ತು. ಹತ್ತಿರವೇ, ಕೈಗೆಟಕುವಷ್ಟು.

ನರ್ಸ್ ಒಳಗೆ ಬಂದಳು. ಅವಳ ಕಣ್ಣ ಮೇಲೆ ಇನ್ನೂ ಕನ್ನಡಕ. ಹಾಸಿಗೆಯ ಕಡೆ ನೋಡಿ ತಟ್ಟನೆ ನಿಂತಳು. ಅಲ್ಲಿ ಈಗ ಎರಡು ಬಳೆ, ಎರಡೂ ಕೆಂಪು. ತಾಯಿ ಕಣ್ಣು ಬಿಗಿ ಮುಚ್ಚಿ ಒಂದೇ ಹುಬ್ಬು ಗಂಟಿಕ್ಕಿದ್ದಳು. ಪಕ್ಕದಲ್ಲಿ ಹಾಸಿಗೆಯ ಕಂಬಿಗೆ ಹಣೆ ತಾಗಿಸಿ ಮಗಳೂ ಕಣ್ಣು ಮುಚ್ಚಿದ್ದಳು. ಇಷ್ಟು ವರ್ಷ ಅಣಕಿಸಿ ನಕ್ಕ ಮುಖ ತನ್ನ ಮುಖದ ಮೇಲೆ ಯಾವಾಗ ಬಂದು ಕೂತಿತೆಂದು ಅವಳಿಗೇ ತಿಳಿಯದು. ನೋವು ಯಾವುದು, ಬೇಡಿಕೆ ಯಾವುದು ಎಂದು ಈಗ ಅವಳನ್ನೇ ಕೇಳಿದ್ದರೂ ಬೇರ್ಪಡಿಸಿ ಹೇಳಲಾಗುತ್ತಿರಲಿಲ್ಲ.

ನರ್ಸ್ ಕನ್ನಡಕ ತೆಗೆದು ಜೇಬಿಗಿಟ್ಟಳು. ಹತ್ತಿರ ಬಂದು ಬಗ್ಗಿ, ಇಷ್ಟು ದಿನ ಕೇಳದ ಮಾತನ್ನು ಕೇಳಿದಳು:

"ಅಮ್ಮ, ನೋವಾ?"

ತಾಯಿ ಕಣ್ಣು ತೆರೆಯಲಿಲ್ಲ. ಎಡಗೈಯ ತೋರುಬೆರಳು ಮೆಲ್ಲಗೆ ಮೇಲೆದ್ದಿತು. ಇರು, ಎಂದಿತು.

ನರ್ಸ್ ಸ್ಟೂಲಿನ ಮೇಲೆ ಕುಳಿತಳು. ಬಟ್ಟಲಿನ ಊಟ ತಣ್ಣಗಾಯಿತು. ಅವಳು ಹೋಗಿ ಬಿಸಿ ಮಾಡಿಸಿ ತಂದಳು. ಅದೂ ತಣ್ಣಗಾಯಿತು. ಮತ್ತೆ ತಂದಳು. ಕಿಟಕಿಯ ಬಿಸಿಲು ಹಾಸಿಗೆಯ ಕಾಲಿನಿಂದ ಗೋಡೆಗೆ ಸರಿಯಿತು. ತಾಯಿಯ ಮುಖ ಸಡಿಲವಾಗಲಿಲ್ಲ. ಒಬ್ಬನನ್ನೇ ಎತ್ತಿ ಹಿಡಿದುಕೊಂಡಿದ್ದಳು. ಇಳಿಸಲು ಇನ್ನೂ ಜಾಗ ಸಿಕ್ಕಿರಲಿಲ್ಲ.

ಕೊನೆಗೆ ಡಾಕ್ಟರು ಬಂದರು. ಬಾಗಿಲಲ್ಲೇ ನಿಂತು ಮಗಳನ್ನಲ್ಲ, ತಾಯಿಯನ್ನು ನೋಡಿ ಹೇಳಿದರು:

"ಮುಚ್ಚಿದ್ದ ರಕ್ತನಾಳವನ್ನ ತಂತಿ ತೂರಿಸಿ ತೆರೆದಿದ್ದಾರೆ. ಬದುಕಿದ್ದಾನೆ, ಅಮ್ಮ. ಎಚ್ಚರ ಇದೆ. ಅಲ್ಲಿನ ಡಾಕ್ಟರಿಗೆ, 'ನನಗಿಂತ ಚೆನ್ನಾಗಿ ತಂತಿ ಹಾಕ್ತೀರಲ್ಲ' ಅಂದನಂತೆ."

ನಗುತ್ತಿದ್ದಾಳೋ ಅಳುತ್ತಿದ್ದಾಳೋ ಯಾವ ಕ್ಯಾಮೆರಾಗೂ ಹೇಳಲಾಗದ ಸದ್ದು ಮಗಳ ಬಾಯಿಂದ ಬಂತು.

ತಾಯಿಯ ಹುಬ್ಬು ಬಿಚ್ಚಿತು. ಕೆನ್ನೆ ಇಳಿಯಿತು. ಉದ್ದ ಉಸಿರೊಂದು ಹೊರಬಂತು. ಭಾರ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡವರ ಉಸಿರು ಅದು. ಆಮೇಲೆ ಕಣ್ಣು ಬಿಟ್ಟು, ನರ್ಸ್‌ನ ಕೈಯಲ್ಲಿದ್ದ ಬಟ್ಟಲನ್ನು ನೋಡಿ, ಬಾಯಿ ತೆರೆದಳು.